ಹಿಮ್ಮಡಿ

ದಾವಣಗೆರೆಯ ಹಳೇ ಪೇಟೆ, ಪಂಕ್ಚರ್ ಅಂಗಡಿಗೂ
ಶೇಂಗಾ ಎಣ್ಣೆಯ ಗಾಣಕ್ಕೂ ನಡುವೆ
ನನ್ನದೊಂದು ಕೋಣೆ.
ಹಲಗೆಯ ಮೇಲೆ ಸಾಲಾಗಿ ಕಾಲುಗಳು,
ಮೊಣಕಾಲಿಂದ ಕೆಳಗಿನವು, ಪ್ಲಾಸ್ಟರಿನವು,
ಪೆನ್ಸಿಲಿನಲ್ಲಿ ಹೆಸರು, ಊರು:
ಪಾಲಯ್ಯ, ಜಗಳೂರು, ಎಡ.
ಚಿನ್ಮಯಿ, ಮಾಯಕೊಂಡ, ಎರಡೂ.
ಮುಬೀನಾ, ಮಂಡಕ್ಕಿ ಭಟ್ಟಿ, ಎರಡೂ.
ಹೊಸಬರು ಇವನ್ನು ಕಂಡು
ಹೊಸ್ತಿಲಲ್ಲೇ ನಿಂತುಬಿಡುತ್ತಾರೆ.
ಒಳಗೆ ಬನ್ನಿ, ಅವು ಒದೆಯೋದಿಲ್ಲ ಅನ್ನುತ್ತೇನೆ.
ಕೆಲವರು ನಗುತ್ತಾರೆ.

ನನ್ನಪ್ಪ ಗಾರೆಯವನು.
ಗೋಡೆ ನೆಟ್ಟಗಿದೆಯೋ ಎಂದು
ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು
ಒಂದು ಕಣ್ಣು ಮುಚ್ಚುತ್ತಿದ್ದ.
ಅದೇ ಗುಂಡನ್ನು ನಾನೀಗ
ಮಕ್ಕಳ ಮೊಣಕಾಲಿನಿಂದ ಇಳಿಬಿಡುತ್ತೇನೆ.
ಗೋಡೆಯಾದರೆ ಸುಮ್ಮನೆ ನಿಲ್ಲುತ್ತಿತ್ತು.

ಮುಬೀನಾ ಮೊದಲ ಸಲ ಬಂದಾಗ ಮೂರು ವರ್ಷ.
ಕಾಲು ಕತ್ತರಿ ಹಾಕಿಕೊಂಡಿದ್ದವು,
ಬೆರಳ ತುದಿಯಷ್ಟೇ ನೆಲಕ್ಕೆ.
'ಕುಣಿಯೋರ ಥರ ನಿಲ್ತಾಳ್ರೀ' ಅಂದು
ಅವಳಪ್ಪ ನಕ್ಕ. ಭಟ್ಟಿಯ ಹೊಗೆಗೆ ಕೆಂಪಾದ ಕಣ್ಣು.
ಆಮೇಲೆ ಯಾಕೋ ಗೋಡೆ ಕಡೆ ತಿರುಗಿದ.
ಅವ್ವ ಷಂಷಾದ್‌ಬಿ ಮಾತ್ರ ನೇರ ಕೇಳಿದಳು:
'ನಡೀತಾಳೇನಣ್ಣ?'
ನನ್ನ ಟೇಪಿನಲ್ಲಿ ಅದಕ್ಕೆ ಗೆರೆಯಿಲ್ಲ.
ಹದಿನಾಲ್ಕೂವರೆ, ಅಂದೆ. ಬರೆದುಕೊಂಡೆ.

ವ್ಯಾಯಾಮ ಹೇಳಿಕೊಡುವ ಮೇಡಂ
ಉರುಳೆ ದಿಂಬೊಂದನ್ನು ಬರೆದುಕೊಟ್ಟಿದ್ದರು.
ರೇಟು ಕೇಳಿ ಇವರು ಮನೆಗೆ ಹೋಗಿ
ಮಂಡಕ್ಕಿ ಚೀಲವನ್ನೇ ಬಿಗಿದು ಕಟ್ಟಿ
ಮಗುವನ್ನು ಅದರ ಮೇಲೆ ಬೋರಲು ಹಾಕಿದರಂತೆ.
ಅಲ್ಲಾಡಿದರೆ ಒಳಗೆ ಚರಚರ.
ಆ ಸದ್ದು ಎಲ್ಲಿಂದ ಎಂದು ನೋಡಲು
ಕತ್ತೆತ್ತಿದಳಂತೆ ಹುಡುಗಿ,
ಡಾಕ್ಟರು ಎರಡು ವರ್ಷದಿಂದ ಎತ್ತು ಎತ್ತು ಅಂದ ಕತ್ತು.
ವಾರಕ್ಕೊಂದು ಚೀಲ ಪುಡಿ.
ಪಕ್ಕದ ಮನೆಯ ಎಮ್ಮೆ ದಪ್ಪಗಾಯಿತು.

ಒದ್ದೆ ಪಟ್ಟಿ ಸುತ್ತುವಾಗ ಮೊದಲು ತಣ್ಣಗೆ,
ಆಮೇಲೆ ತಾನೇ ಬೆಚ್ಚಗಾಗುತ್ತದೆ.
ತಣ್ಣಗಿರುವಾಗ ಕಾಲು ಕಲ್ಲಾಗುತ್ತದೆ.
ಎಳೆಯಬಾರದು.
ಬಿಗಿದ ನರದ ಜೊತೆ ಜಗಳಕ್ಕಿಳಿದು
ಗೆದ್ದವರನ್ನು ನಾನು ನೋಡಿಲ್ಲ.
ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು
ಗಾಣದ ಗಡಗಡ ಎಣಿಸುತ್ತೇನೆ.
ಮೂವತ್ತಕ್ಕೋ ನಲವತ್ತಕ್ಕೋ
ಒಳಗೆಲ್ಲೋ ಒಂದು ಗಂಟು ಸಡಿಲವಾಗುತ್ತದೆ.
ಅಷ್ಟೇ ಹೊತ್ತು. ಆ ಹೊತ್ತಿನ ಕಾಲೇ
ಹಲಗೆಯ ಮೇಲೆ ಉಳಿಯುವುದು.

ಆರಾರು ತಿಂಗಳಿಗೆ ಕಾಲು ಬೆಳೆಯುತ್ತದೆ,
ಪಟ್ಟಿ ಬೆಳೆಯುವುದಿಲ್ಲ.
ಹಳೆಯದು ವಾಪಸ್ಸು ಬಂದಾಗ
ವೆಲ್ಕ್ರೋವನ್ನು ಪಿನ್ನಿನಿಂದ ಬಿಡಿಸುತ್ತೇನೆ:
ಭತ್ತದ ಹೊಟ್ಟು, ಮಂಡಕ್ಕಿಯ ಮುರುಕು,
ಕೋಳಿಯ ಪುಕ್ಕ, ಸ್ಕೂಲಿನ ಚಾಪೆಯ ನಾರು.
ವಾಕರ್ ಕೊಟ್ಟ ವರ್ಷ
ಮೊದಲ ಸಲ ಪರರ ಮನೆಯ ನಾಯಿಯ ಕೂದಲು.
ಓಹೋ, ಓಣಿ ದಾಟಿದಳು.

ಕತ್ತರಿ ಬಿಡಿಸಲು ಇಂಜೆಕ್ಷನ್ ಆಯಿತು,
ಹರಿಹರದ ಕಡೆಯ ಎಣ್ಣೆಯವನೊಬ್ಬ
ತಿಕ್ಕಿ ತಿಕ್ಕಿ ಮೂರು ಸಾವಿರ ಒಯ್ದದ್ದೂ ಆಯಿತು.
ನನಗದು ಹೇಳಬೇಡವೆಂದು
ಗಂಡ ಹೆಂಡತಿಗೆ ಸನ್ನೆ ಮಾಡಿದ.
ವಾಸನೆ ಬರುತ್ತಿತ್ತು. ಸುಮ್ಮನಿದ್ದೆ.

ಹೋದ ಮಂಗಳವಾರ ಷಂಷಾದ್‌ಬಿ
ಮುಖ ಸಣ್ಣದು ಮಾಡಿಕೊಂಡು ಬಂದಳು.
'ಗ್ಯಾರಂಟಿ ಐತೇನಣ್ಣ? ಐದೇ ತಿಂಗಳಿಗೆ
ಅಡಿ ಸವೆದು ಹೋಗೈತಿ ನೋಡು.'
ಬೆಳಕಿಗೆ ಹಿಡಿದೆ.
ಇಷ್ಟು ವರ್ಷ ಸವೆದದ್ದು ಮುಂಗಾಲು.
ಹಿಮ್ಮಡಿಯ ರಬ್ಬರು ಅಂಟಿಸಿದ ದಿನದಂತೆಯೇ
ಹೊಳೆಹೊಳೆದು ತಿರುಗಿ ಬರುತ್ತಿತ್ತು,
ಉಡದೆ ಮಡಿಚಿಟ್ಟ ಸೀರೆಯ ಹಾಗೆ.
ಈ ಸಲ ಹಿಮ್ಮಡಿ, ಎಡದ್ದು, ಹೊರ ಅಂಚಿಗೆ
ಎಂಟಾಣೆ ಅಗಲಕ್ಕೆ
ಒರಟೊರಟಾಗಿ ತಿಂದುಹೋಗಿದೆ.
ನೆಲ ತಿಂದದ್ದು.

ಹೆಬ್ಬೆರಳಿನಿಂದ ಎರಡು ಸಲ ಸವರಿದೆ.
'ಇದಕ್ಕೆ ಗ್ಯಾರಂಟಿ ಇಲ್ಲಕ್ಕ' ಅಂದೆ,
ದನಿ ಸರಿ ಬರಲಿಲ್ಲ.
ದುಡ್ಡಿನ ಮಾತೆಂದುಕೊಂಡು ಅವಳು
ಸೆರಗಿನ ಗಂಟಿಗೆ ಕೈ ಹಾಕಿದಳು.

ಮುಬೀನಾಗೆ ಇದ್ಯಾವುದೂ ಬೇಕಿಲ್ಲ.
ವಾಕರಿನ ಚಕ್ರವನ್ನು ನನ್ನ ಸ್ಟೂಲಿಗೆ ಗುದ್ದಿ
ಹೇಳುತ್ತಿದ್ದಾಳೆ, ಒಂದೊಂದೇ ಅಕ್ಷರ ಹೊರದೂಡುತ್ತಾ:
ಈ ಸಲ ಚಿಟ್ಟೆ ಬೇಡವಂತೆ,
ಲಾರಿ ಬೇಕಂತೆ,
ಹಾರನ್ ಇರೋದು.